ಟಾರ್ಚ್ ಹಿಡಿದು ಕೂತವರಿಗೆ

ಎಲ್ಲರಿಗೂ ಶರಣು.

ನಾನು ಹಾಡಿದ ನಾಲ್ಕನೇ ಲೈವ್ ಆಲ್ಬಮ್ ಹೋದ ಸೋಮವಾರ ಹೊರಗೆ ಬಂತು. ಅವತ್ತಿನಿಂದ ಫೋನು ಸುಮ್ನೆ ಕೂತಿಲ್ಲ. ಒಬ್ಬೊಬ್ಬರಿಗೇ ಉತ್ತರ ಕೊಡೋಣ ಅಂದರೆ ದಿನಕ್ಕೆ ಇಷ್ಟೇ ಮಾತು ಅಂತ ಡಾಕ್ಟರು ಗೆರೆ ಎಳೆದಿದ್ದಾರೆ, ಅಷ್ಟನ್ನೂ ನಾನು ಬೆಳಿಗ್ಗೆ ಹಾಲಿನವನ ಜೊತೆಗೇ ಖರ್ಚು ಮಾಡಿಬಿಡುತ್ತೇನೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಗಂಟಲಿನ ಆಪರೇಷನ್ನಿನ ಕಥೆ ನಿಮಗೆಲ್ಲ ಗೊತ್ತು. ಮತ್ತೆ ಹೇಳುವುದಿಲ್ಲ.

ಮೊದಲು ಎಲ್ಲರನ್ನೂ ಒಂದೇ ಉಸಿರಿನಲ್ಲಿ ನೆನೆದುಬಿಡುತ್ತೇನೆ, ಬೇಜಾರಾಗಬೇಡಿ. ಹಾರ್ಮೋನಿಯಂ ಮಾಸ್ತರರು, ಢೋಲಕ್ ಮತ್ತು ದಮ್ಮಡಿಯ ಹುಡುಗರು, ಹನ್ನೊಂದು ತಿಂಗಳು ನಾನು ಒಪ್ಪಿಕೊಂಡಿದ್ದ ಕಾರ್ಯಕ್ರಮಗಳನ್ನೆಲ್ಲ ತಾವೇ ಹಾಡಿ, ಬಂದ ದುಡ್ಡಿನಲ್ಲಿ ನನ್ನ ಪಾಲು ಮನೆಗೆ ತಂದುಕೊಟ್ಟ ಭಜನಾ ಮಂಡಳಿಯವರು, ರಾತ್ರಿ ಪಾಳಿಯ ಸಿಸ್ಟರ್, ರೊಟ್ಟಿ ನುಂಗಲು ಬಾರದ ದಿನಗಳಲ್ಲಿ ಜೋಳದ ನುಚ್ಚು, ಅಂಬಲಿ ಕಳಿಸಿದ ನಮ್ಮ ಓಣಿಯ ಅವ್ವಂದಿರು. ಅವ್ವಂದಿರೇ, ನಿಮ್ಮ ಡಬ್ಬಿಗಳು ಇನ್ನೂ ನಮ್ಮ ಮನೆಯಲ್ಲೇ ಇವೆ, ಬಂದು ಒಯ್ಯಿರಿ. ಮನೆಯವಳಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ಬೈಸಿಕೊಳ್ಳಬೇಕಾಗುತ್ತದೆ, ಹಾಗಾಗಿ ಹೇಳುತ್ತಿಲ್ಲ.

ಈಗ ಭಾಯಿ.

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಓಡಾಡಿದ ನಮ್ಮ ವಯಸ್ಸಿನವರಿಗೆ ಅವರ ಕ್ಯಾಸೆಟ್ ಅಂಗಡಿ ನೆನಪಿರುತ್ತದೆ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ಕ್ಯಾಸೆಟ್ ಹೋಗಿ ಸೀಡಿ ಬಂತು. ಸೀಡಿ ಹೋಗಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುವ ಕಾಲ ಬಂತು. ಅದೂ ಹೋಯಿತು, ಈಗ ಮೊಬೈಲಿಗೆ ಗ್ಲಾಸ್ ಅಂಟಿಸುತ್ತಾರೆ. ಅಂಗಡಿಯ ಬೋರ್ಡು ಮಾತ್ರ ಹಳೆಯದೇ. ನನ್ನ ನಾಲ್ಕೂ ಆಲ್ಬಮ್ ರೆಕಾರ್ಡ್ ಮಾಡಿದವರು ಅವರೇ.

ಮೊದಲನೆಯದು 1997ರದು. ಭೀಮಾ ದಂಡೆಯ ಒಂದು ಹಳ್ಳಿ, ಮಠದ ಅಂಗಳ, ಅಮಾವಾಸ್ಯೆಯ ಭಜನೆ. ನಮ್ಮ ಕಡೆ ಅಮಾವಾಸ್ಯೆ ಎಂದರೆ ರಾತ್ರಿಯಿಡೀ ತತ್ವಪದ ಅಲ್ವಾ. ಕಡಕೋಳ ಮಡಿವಾಳಪ್ಪನವರ ಪದ, ಅವರ ಶಿಷ್ಯರಾದ ಚೆನ್ನೂರ ಜಲಾಲಸಾಹೇಬರ ಪದ, ಖೈನೂರ ಕೃಷ್ಣಪ್ಪನವರ ಪದ, ಇವೆಲ್ಲ ಆಗಿ ಅರ್ಧ ಜನ ತೂಕಡಿಸುವ ಹೊತ್ತಿಗೆ ನನ್ನಂಥ ಹೊಸಬರ ಕಡೆ ಹಿರಿಯರು ತಿರುಗುತ್ತಿದ್ದರು. 'ನೀ ಕಟ್ಟಿದ್ದು ಒಂದೆರಡು ಹಾಡಪಾ.' ಅವತ್ತು ಒಂದೆರಡು ಅಂತ ಶುರುವಾಗಿದ್ದು ಬೆಳಗಿನ ಜಾವದವರೆಗೆ ಹೋಯಿತು.

ಭಾಯಿ ಒಂದು ಟೂ-ಇನ್-ವನ್, ಅಂದರೆ ರೇಡಿಯೊ ಮತ್ತು ಟೇಪ್ ರೆಕಾರ್ಡರ್ ಎರಡೂ ಇರುವ ಪೆಟ್ಟಿಗೆ, ಹೊತ್ತುಕೊಂಡು ಬಂದಿದ್ದರು. ಮೈಕಿನ ಡಬ್ಬಿಯಿಂದ ಅದಕ್ಕೊಂದು ವೈರು. 90 ನಿಮಿಷದ ಕ್ಯಾಸೆಟ್ಟು, ಒಂದು ಬದಿಗೆ 45. ಬದಿ ಮುಗಿಯಲು ಎರಡು ನಿಮಿಷ ಇದೆ ಅನ್ನುವಾಗ ಅವರು ಟಾರ್ಚ್ ಮಿಣುಕಿಸಬೇಕು, ನಾನು ಹಾಡು ಮುಗಿಸಬೇಕು, ಅವರು ಕ್ಯಾಸೆಟ್ ತಿರುವಿ ಹಾಕಬೇಕು. ಇದು ನಮ್ಮ ಒಪ್ಪಂದ. ಆ ಆಲ್ಬಮ್ಮಿನ ಎ ಸೈಡಿನ ಕೊನೆಯ ಹಾಡು ಬಸ್ಸು ತಪ್ಪೀತು ಅನ್ನುವವನ ಹಾಗೆ ಓಡುವುದು ಯಾಕೆ ಅಂತ ಎಷ್ಟೋ ಜನ ಕೇಳಿದ್ದೀರಿ. ಟಾರ್ಚಿನ ಕಾರಣಕ್ಕೆ.

ಬಿ ಸೈಡಿನಲ್ಲಿ ಕರೆಂಟ್ ಹೋಯಿತು. ನಾನು ಹೊಳಿ ಹಾಡಿನಲ್ಲಿದ್ದೆ. ಪುಣೆ, ಮುಂಬೈ ಅಂತ ದುಡಿಯಲು ಹೋದವರ ಮೇಲೆ ಕಟ್ಟಿದ ಹಾಡು, ನಿಮಗೆ ಗೊತ್ತು. 'ಹೊಳಿ ದಾಟಿ ಹೋದಾಂವ ಹೊಳ್ಳಿ ಬರಲಿಲ್ಲ.' ಮೈಕ್ ಸತ್ತುಹೋಯಿತು. ನಾನು ನಿಲ್ಲಿಸಿ ಬೀಡಿ ಹಚ್ಚಲು ಎದ್ದೆ. ಹೌದು, ಆಗ ಸೇದುತ್ತಿದ್ದೆ, ಈಗ ಅದರ ಬಗ್ಗೆ ಯಾರೂ ಬುದ್ಧಿ ಹೇಳಬೇಡಿ. ಭಾಯಿ ಏನು ಮಾಡಿದರು ಅಂದರೆ, ಕತ್ತಲಲ್ಲೇ ಆ ವೈರು ಕಿತ್ತರು. ವೈರು ಕಿತ್ತರೆ ಟೂ-ಇನ್-ವನ್ನಿನ ಹೊಟ್ಟೆಯಲ್ಲಿರುವ ಪುಟ್ಟ ಮೈಕು ತಾನೇ ಕೆಲಸ ಶುರು ಮಾಡುತ್ತದೆ. ಕರೆಂಟನ್ನು ನಂಬದೆ ಅವರು ಮೊದಲೇ ದೊಡ್ಡ ಸೆಲ್ ತುಂಬಿಸಿಟ್ಟಿದ್ದರು. ಕ್ಯಾಸೆಟ್ ತಿರುಗುತ್ತಲೇ ಇತ್ತು.

ಅದರಲ್ಲಿ ಏನು ಸಿಕ್ಕಿತ್ತು ಅಂತ ನಾನು ಸರಿಯಾಗಿ ಕೇಳಿಯೇ ಇರಲಿಲ್ಲ. ಕ್ಯಾಸೆಟ್ ಮಾರಾಟಕ್ಕೆ ಬಿಡುವಾಗ ಆ ಭಾಗ ಕತ್ತರಿಸಿ ಹಾಕಿ ಅಂದೆ. ಅವರು ಕತ್ತರಿಸಿದರು. ಆದರೆ ಮೂಲ ಕ್ಯಾಸೆಟ್ ಇಟ್ಟುಕೊಂಡರು.

ಈಗ ಸೊಲ್ಲಾಪುರದ ಆಸ್ಪತ್ರೆಯ ಆ ರಾತ್ರಿಗೆ ಬರುತ್ತೇನೆ. ಆಪರೇಷನ್ ಆಗಿ ಎರಡನೇ ರಾತ್ರಿ. ಮಾತಾಡುವ ಹಾಗಿಲ್ಲ, ಕೈಯಲ್ಲಿ ಮಗನ ಹಳೇ ಪಾಟಿ. ಮನೆಯವಳು ಮೂರು ದಿನದಿಂದ ನಿದ್ದೆಗೆಟ್ಟಿದ್ದಳು, ಬೈದು ಲಾಡ್ಜಿಗೆ ಕಳಿಸಿದ್ದೆ. ಅಂದರೆ ಪಾಟಿಯ ಮೇಲೆ ಬರೆದು ಬೈದಿದ್ದೆ, ಅದು ಎಷ್ಟು ಹೊತ್ತಿನ ಕೆಲಸ ಅಂತ ಮಾಡಿದವರಿಗೇ ಗೊತ್ತು. ಹತ್ತು ಗಂಟೆಯ ಮೇಲೆ ನನಗೆ ಒಂದೇ ಯೋಚನೆ ಹತ್ತಿತು. ಮತ್ತೆ ದನಿ ಬರದಿದ್ದರೆ ನಾನು ಯಾರು? ಐವತ್ತೈದು ವರ್ಷದ ಮನುಷ್ಯ, ಬೇರೆ ಕೆಲಸ ಬರುವುದಿಲ್ಲ, ಹೊಲ ಅಣ್ಣನ ಹೆಸರಿನಲ್ಲಿದೆ. ಕಿಟಕಿ ಯಾವ ಮಹಡಿಯಲ್ಲಿದೆ ಅಂತ ಎಣಿಸಿದ್ದೆ ಕೂಡ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಇಲ್ಲೇ ಓದುತ್ತಾರೆ.

ಹನ್ನೊಂದೂವರೆಗೆ ಭಾಯಿ ಬಂದರು. ಕಲಬುರಗಿಯಿಂದ ಯಾವ ಗಾಡಿ ಹಿಡಿದರೋ. ನೋಡಲು ಬಿಡುವ ಹೊತ್ತು ಮುಗಿದಿತ್ತು. ಪೇಶೆಂಟಿಗೆ ಏನಾಗಬೇಕು ಅಂತ ವಾಚ್‌ಮನ್ ಕೇಳಿದನಂತೆ. 'ಭಾಯಿ' ಅಂದರಂತೆ. ಸುಳ್ಳೇನಲ್ಲ, ಊರಿಗೆಲ್ಲ ಅವರು ಭಾಯಿಯೇ.

ಅವರು ಹೇಗಿದ್ದೀಯ ಅಂತ ಕೇಳಲಿಲ್ಲ. ಸ್ಟೂಲ್ ಎಳೆದು ಕೂತು ಜೇಬಿನಿಂದ ಇಯರ್‌ಫೋನ್ ತೆಗೆದು, ಒಂದು ಬದಿ ನನ್ನ ಕಿವಿಗೆ, ಇನ್ನೊಂದು ತಮ್ಮ ಕಿವಿಗೆ ಹಾಕಿಕೊಂಡರು. 1997ರ ಕ್ಯಾಸೆಟ್ಟು. ಬೂಸ್ಟು ಹಿಡಿದಿತ್ತಂತೆ. ನಾಲ್ಕು ಪುಟ್ಟ ಸ್ಕ್ರೂ ಬಿಚ್ಚಿ, ಟೇಪನ್ನು ಬೇರೆ ಡಬ್ಬಿಗೆ ವರ್ಗ ಮಾಡಿ, ಪೆನ್ಸಿಲ್ ತೂರಿಸಿ ಕೈಯಲ್ಲೇ ಸುತ್ತಿ, ಅಂಟಿಕೊಂಡ ಕಡೆ ಮೆತ್ತಗೆ ಬಿಡಿಸಿ, ನಾನು ಆಸ್ಪತ್ರೆ ಸೇರಿದ ವಾರವೆಲ್ಲ ಅಂಗಡಿಯಲ್ಲಿ ಅದೇ ಕೆಲಸ. ಆಮೇಲೆ ಫೋನಿಗೆ ಇಳಿಸಿಕೊಂಡು ಬಂದಿದ್ದರು.

ನನ್ನ ದನಿ ಕೇಳಿಸಿತು. ಎಷ್ಟು ಎತ್ತರ, ಎಷ್ಟು ಸೊಕ್ಕು. ಆಮೇಲೆ ಟಪ್ ಅಂತ ಒಂದು ಸದ್ದು. ನಾನಿಲ್ಲ. ಒಂದೆರಡು ಕ್ಷಣ ಏನೂ ಇಲ್ಲ. ಮತ್ತೊಂದು ಟಪ್, ಅದು ವೈರು ಕಿತ್ತಿದ್ದು. ಆಗ ಇಡೀ ಅಂಗಳ ಕಿವಿಯೊಳಗೆ ಬಂದು ಕೂತ ಹಾಗಾಯಿತು. ಯಾರೋ ಕೆಮ್ಮುತ್ತಾರೆ, ಕೂಸು ಅಳುತ್ತದೆ, ಕಂದೀಲು ತರ್ರೋ ಅಂತ ಒಬ್ಬ ಕೂಗುತ್ತಾನೆ. ಇದರ ಕೆಳಗೆ ಒಬ್ಬ ಹೆಂಗಸು ಹಾಡುತ್ತಿದ್ದಾಳೆ. ನನ್ನ ಹಾಡನ್ನು. ಧಾಟಿ ಸ್ವಲ್ಪ ಬೇರೆ, ಬೀಸುಕಲ್ಲಿನ ಪದದ ಹಾಗೆ. ನಿಧಾನಕ್ಕೆ ಹತ್ತು ಜನ, ಇಪ್ಪತ್ತು ಜನ ಕೂಡಿಕೊಂಡರು. ನಾನು ಬೀಡಿ ಸೇದುತ್ತಿದ್ದ ಹೊತ್ತಿನಲ್ಲಿ ಹಾಡು ನಡೆದೇ ಇತ್ತು.

ನಿಮಗೆ ಇದು ಚಂದದ ಘಳಿಗೆ ಅನಿಸಬಹುದು. ನನಗೆ ಮೈಯೆಲ್ಲ ಉರಿಯಿತು. ಇಯರ್‌ಫೋನ್ ಕಿತ್ತು ಎಸೆದೆ. ಪಾಟಿಯ ಮೇಲೆ ಬರೆದೆ: 'ನಾ ಇಲ್ದನೂ ಹಾಡು ನಡೀತದ ಅಂತ ತೋರಿಸ್ಲಾಕ ಬಂದೀರಿ?'

ಭಾಯಿ ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದರು. 'ನೈ ರೀ' ಅಂದರು. 'ಆಗಿನ ಸೆಲ್ ಎಷ್ಟ ಚಲೋ ಇದ್ವು ಅಂತ ತೋರಿಸ್ಲಾಕ ಬಂದೀನಿ. ಈಗಿನವು ಹಂಗ ಬರಂಗಿಲ್ಲ.'

ನನಗೆ ನಗುವ ಹಾಗೂ ಇರಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದೆ. ಆ ರಾತ್ರಿ ನಾನು ಒಳ್ಳೆಯ ಮನುಷ್ಯನಾಗಿರಲಿಲ್ಲ. ಅವರು ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಮಂಚದ ಪಕ್ಕ ಪೇಪರ್ ಹಾಸಿಕೊಂಡು ಕಿಟಕಿಗೆ ಅಡ್ಡ ಮಲಗಿದರು. ಬೇಕೆಂದೇ ಅಲ್ಲಿ ಮಲಗಿದರೋ ಗಾಳಿಗೋ ಇವತ್ತಿನವರೆಗೆ ಕೇಳಿಲ್ಲ. ನಸುಕಿನಲ್ಲಿ ನಮಾಜಿಗೆ ಹೋಗಿ ಬರುವಾಗ ಎರಡು ಚಹಾ ತಂದರು, ನಾನು ಕುಡಿಯುವ ಹಾಗಿಲ್ಲ ಅಂತ ನೆನಪಾಗಿ ಎರಡನ್ನೂ ತಾವೇ ಕುಡಿದರು. ಆಮೇಲೆ ನಾನೇ ಕೈ ಚಾಚಿ ಇಯರ್‌ಫೋನ್ ಕೇಳಿದೆ.

ಎರಡನೇ ಸಲ ಕೇಳುವಾಗ ಗೊತ್ತಾಯಿತು, ಆ ಹೆಂಗಸು ನನ್ನ ಸಾಲನ್ನೇ ಬದಲಿಸಿದ್ದಾಳೆ. ನಾನು ಬರೆದದ್ದು 'ಹೊಳ್ಳಿ ಬರಲಿಲ್ಲ'. ಅವಳು ಹಾಡಿದ್ದು 'ಹೊಳ್ಳಿ ನೋಡ್ಯಾನ'. ಹೊಳಿ ದಾಟಿ ಹೋದಾಂವ ಹೊಳ್ಳಿ ನೋಡ್ಯಾನ. ಭಾಯಿಗೆ ಇದು ಮೊದಲಿನಿಂದಲೂ ಗೊತ್ತಿತ್ತಂತೆ. ಯಾಕೆ ಹೇಳಲಿಲ್ಲ ಅಂತ ಬರೆದೆ. 'ಆವಾಗ ನೀವು ಕೇಳೋ ಮನುಷ್ಯ ಇದ್ರೇನ್ರಿ?' ಅಂದರು.

ಆಮೇಲೆ ಮೌನದ ತಿಂಗಳುಗಳು. ಹೈದರಾಬಾದಿನಲ್ಲಿರುವ ಅಕ್ಕನ ಮಗಳು ಮಾಮಾ ಸುಮ್ನೆ ಕೂತು ಹುಚ್ಚನಾಗುತ್ತಾನೆ ಅಂತ ಅಮೆರಿಕದ ಜೋನ್ ಬಾಯೆಜ್ ಅವರ ಲೈವ್ ಆಲ್ಬಮ್‌ಗಳನ್ನೆಲ್ಲ ವರ್ಷದ ಪ್ರಕಾರ ಜೋಡಿಸಿ ಕಳಿಸಿದಳು. ಇಂಗ್ಲಿಷ್ ನನಗೆ ಅಷ್ಟಕ್ಕಷ್ಟೇ, ಆದರೆ ದನಿಗೆ ಭಾಷೆ ಬೇಕಾಗಲಿಲ್ಲ. ಹೆಚ್ಚಾಗಿ ಬೇರೆಯವರ ಪದ, ನಡುನಡುವೆ ತಾವು ಕಟ್ಟಿದ್ದು, ಥೇಟ್ ನಮ್ಮ ಭಜನೆಯವರ ಹಾಗೆ. 1962ರದರಲ್ಲಿ ಆಕೆಗೆ ಇಪ್ಪತ್ತೊಂದು ವರ್ಷ, ಒಂದು ಗಿಟಾರ್, ಆ ದನಿ ಗುಡಿಯ ಕಳಸ ಮುಟ್ಟುತ್ತದೆ. 1976ರದರಲ್ಲಿ ಅರ್ಧ ಒಬ್ಬರೇ, ಇನ್ನರ್ಧ ಬ್ಯಾಂಡ್ ಜೊತೆ. 1988ರಲ್ಲಿ ಸ್ಪೇನಿನ ಬಿಲ್ಬಾವೊ ಊರಿನಲ್ಲಿ ಗೂಳಿ ಕಾಳಗದ ಅಂಗಳದಲ್ಲಿ ಹಾಡಿದ್ದು, ನಮ್ಮ ಜಾತ್ರೆಯ ಕುಸ್ತಿ ಅಖಾಡದಲ್ಲಿ ಹಾಡಿದ ಹಾಗೆ. ಕೊನೆಗೆ 2004ರ ನವೆಂಬರಿನಲ್ಲಿ ನ್ಯೂಯಾರ್ಕಿನ ಒಂದು ಹಾಲಿನಲ್ಲಿ. ಆಗ ಅರವತ್ಮೂರು. ಹಳೆಯ ಎತ್ತರ ಹೋಗಿದೆ, ದನಿ ಕೆಳಗೆ ಬಂದಿದೆ, ಮರ ಒಣಗಿ ಗಟ್ಟಿಯಾದ ಹಾಗೆ. ಆಕೆ ಅದನ್ನು ಮುಚ್ಚಿಡಲು ಹೋಗಿಲ್ಲ. 2019ರವರೆಗೆ ಊರೂರು ತಿರುಗಿ ಹಾಡಿದರಂತೆ.

ಅದನ್ನು ಕೇಳಿ ನನ್ನವನ್ನೂ ಸಾಲಾಗಿ ಹಾಕಿ ಕೇಳಿದೆ. 2008ರ ಎರಡನೆಯದು ರಂಗಮಂದಿರದ್ದು, ಸೌಂಡು ಬಹಳ ಕ್ಲೀನ್, ಒಂದು ಕೆಮ್ಮೂ ಇಲ್ಲ, ಹಾಡುಗಳು ಇಸ್ತ್ರಿ ಮಾಡಿದ ಅಂಗಿಯ ಹಾಗಿವೆ. 2017ರ ಮೂರನೆಯದು ಶರಣಬಸವೇಶ್ವರ ಜಾತ್ರೆಯ ದಿನಗಳದ್ದು, ಪೀಪಿ ಊದುವ ಮಕ್ಕಳೇ ಜಾಸ್ತಿ. ಮೂರರಲ್ಲೂ ಹೊಳಿ ಹಾಡು ಇದೆ. ಮೂರರಲ್ಲೂ ನಾನು 'ಬರಲಿಲ್ಲ' ಅಂತಲೇ ಹಾಡಿದ್ದೇನೆ. 2020ರಲ್ಲಿ ಲಾಕ್‌ಡೌನ್ ಆಗಿ ಆ ಜನರೆಲ್ಲ ಗಂಟು ಹೊತ್ತುಕೊಂಡು ಹೊಳ್ಳಿ ಬಂದೇ ಬಂದರು. ನನ್ನ ಸಾಲು ಸುಳ್ಳಾಯಿತು. ಅವಳ ಸಾಲು ಇವತ್ತಿಗೂ ಸುಳ್ಳಾಗಿಲ್ಲ.

ದನಿ ಬಂತು, ಆದರೆ ಹಳೆಯದಲ್ಲ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕಾಳಿ (ಕಪ್ಪು) ಎರಡರ ಶ್ರುತಿಯಲ್ಲಿ ಹಾಡುತ್ತಿದ್ದವನು ಬಿಳಿ ಒಂದಕ್ಕೆ ಇಳಿದಿದ್ದೇನೆ. ಹಾರ್ಮೋನಿಯಂ ಮಾಸ್ತರರು ಒಂದು ಮಾತೂ ಆಡದೆ ಕೈ ಸರಿಸಿಕೊಂಡರು. ನಾಲ್ಕನೆಯದು ಈ ಸಲದ ಎಳ್ಳ ಅಮಾವಾಸ್ಯೆಯದ್ದು. ಹಗಲು ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ಕಡುಬು ತಿಂದು, ರಾತ್ರಿ ಕಣದಲ್ಲಿ ಒಂದು ಬಲ್ಬಿನ ಕೆಳಗೆ ಕೂತು ಹಾಡಿದ್ದು. ಚಳಿ ಇತ್ತು, ನಿಮಗೆ ಹಲ್ಲು ಕಟಕಟ ಕೇಳಿಸಿದರೆ ಅದು ಢೋಲಕ್ ಹುಡುಗನದು.

ಭಾಯಿ ಈ ಸಲ ಅಂಗೈಯಗಲದ ಡಿಜಿಟಲ್ ರೆಕಾರ್ಡರ್ ತಂದಿದ್ದರು. ಅದು ರಾತ್ರಿಯಿಡೀ ನಡೆಯುತ್ತದೆ, ಬದಿ ತಿರುಗಿಸುವ ಕೆಲಸವೇ ಇಲ್ಲ. ಆದರೂ 43ನೇ ನಿಮಿಷಕ್ಕೆ ಸರಿಯಾಗಿ ಕತ್ತಲಿಂದ ಟಾರ್ಚ್ ಮಿಣುಕಿತು. ನಾನು ಹಾಡು ಮುಗಿಸಿದೆ. ಆಮೇಲೆ ಎಲ್ಲರೂ ನಕ್ಕಿದ್ದು ಆಲ್ಬಮ್ಮಿನಲ್ಲಿದೆ, ಕತ್ತರಿಸಿಲ್ಲ. 1997ರ ಕತ್ತಲ ಭಾಗವನ್ನೂ ಕೊನೆಗೆ ಸೇರಿಸಿದ್ದೇವೆ, ಆರು ನಿಮಿಷ, ನಾನು ಒಂದು ಅಕ್ಷರವೂ ಹಾಡಿಲ್ಲ.

ಹೊಳಿ ಹಾಡು ಈ ಸಲ 'ನೋಡ್ಯಾನ' ಅಂತಲೇ ಇದೆ. ಆ ಸಾಲು ನನ್ನದಲ್ಲ ಅಂತ ಹೇಳಬೇಕಿತ್ತು, ಹೇಳಿದ್ದೇನೆ. ಆ ಹೆಂಗಸು ಯಾರು ಅಂತ ಹೋದ ತಿಂಗಳು ಆ ಹಳ್ಳಿಗೆ ಹೋಗಿ ಕೇಳಿಸಿದೆ. ಕಟ್ಟೆಯ ಮೇಲೆ ಫೋನಿಟ್ಟು ಆರೂ ನಿಮಿಷ ಹಾಕಿದೆ. ಮೂರು ಮನೆಯವರು ಮೂರು ಹೆಸರು ಹೇಳಿದರು. ಒಬ್ಬಾಕೆ ತೀರಿಕೊಂಡಿದ್ದಾರೆ, ಒಬ್ಬಾಕೆ ಮಗನ ಜೊತೆ ಪುಣೆಯಲ್ಲಿದ್ದಾರೆ, ಮೂರನೆಯವರು ಅಲ್ಲೇ ಕೂತಿದ್ದರು, ಕೇಳಿ 'ನಂದಲ್ಲಪಾ, ನಾ ಇಷ್ಟ ಚಲೋ ಹಾಡ್ತಿದ್ದಿಲ್ಲ' ಅಂದರು. ಕೂಸು ಅಳುವ ಸದ್ದು ಬಂದಾಗ ಮಾತ್ರ ಪಕ್ಕದಲ್ಲಿದ್ದ ಮಗನ ಬೆನ್ನಿಗೆ ಒಂದು ಗುದ್ದಿದರು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಆ ದನಿ ಗುರುತು ಸಿಕ್ಕರೆ ಭಾಯಿಯ ಅಂಗಡಿಗೆ ಬಂದು ಹೇಳಿ. ಹಳೇ ಕ್ಯಾಸೆಟ್ ಇದ್ದರೂ ತನ್ನಿ. ಪೆನ್ಸಿಲ್ ಅವರ ಹತ್ತಿರ ಇದೆ.