ಹಿತ್ತಿಲು ಗುಂಪಿನ ಬಗ್ಗೆ, ನಮ್ಮಲ್ಲಿ ಬೀಜ ಕೊಳ್ಳುವ ಎಲ್ಲರಿಗೂ

ಪ್ರೀತಿಯ ಗ್ರಾಹಕರೇ, ನಮಸ್ಕಾರ.

ಮುಖ್ಯ ವಿಷಯ ಮೊದಲು ಹೇಳಿಬಿಡುತ್ತೇವೆ, ಕಥೆ ಆಮೇಲೆ. ಬೀಜ ಎತ್ತಿಡುವವರು ಮಾತಾಡಿಕೊಳ್ಳಲಿ ಅಂತ ನಮ್ಮ ಸಂಘ ಒಂದು ಆ್ಯಪ್‌ನಲ್ಲಿ ಶುರುಮಾಡಿದ್ದು ಈ ಹಿತ್ತಿಲು ಗುಂಪು. ಮೇ 15ರಿಂದ ಆ ಆ್ಯಪ್‌ನಲ್ಲಿ ನಾವು ಬೀಜದ ಆರ್ಡರ್ ತೆಗೆದುಕೊಳ್ಳುವುದಿಲ್ಲ. ಫೋನ್ ಮಾಡಿ, ವಾಟ್ಸಾಪ್ ಮಾಡಿ, ಇಲ್ಲವೇ ಒಂದು ಕಾರ್ಡು ಹಾಕಿ. ನಂಬರು, ವಿಳಾಸ ಎರಡೂ ನಿಮ್ಮ ಹತ್ತಿರ ಇರುವ ಹಳೆಯ ಪೊಟ್ಟಣದ ಹಿಂದೆಯೇ ಇವೆ. ಇನ್ನೊಂದು ವಿಷಯ: ಗುಂಪಿನಲ್ಲಿ ನೀವು ಇಷ್ಟು ವರ್ಷ ಬರೆದದ್ದನ್ನು ತೆಗೆದು ಬೇರೆ ಕಡೆ ಇಡಬೇಕು ಅಂತಿದ್ದೇವೆ. ಅದಕ್ಕೆ ನಿಮ್ಮ ಒಪ್ಪಿಗೆ ಬೇಕು. ಜೂನ್ 5ರ ಒಳಗೆ ಹೂಂ ಅಥವಾ ಬೇಡ ಅಂತ ತಿಳಿಸಿ.

ಈಗ ಕಥೆ. ಆ ಆ್ಯಪ್ ಮಾರಾಟವಾಗಿದೆ. ಹೋದ ದೀಪಾವಳಿ ಹೊತ್ತಿಗೆ ಹೊಸ ಮಾಲೀಕರಿಂದ ಎಲ್ಲರಿಗೂ ಒಂದು ಇಂಗ್ಲಿಷ್ ಮೇಲ್ ಬಂತು, ನಿಮಗೂ ಬಂದಿರಬೇಕು. ತುಂಬಾ ಖುಷಿಯ ಸುದ್ದಿ, ಏನೂ ಬದಲಾಗುವುದಿಲ್ಲ ಅಂತ ಬರೆದಿದ್ದರು. ಸಂಕ್ರಾಂತಿಗೆ ಮುಂಚೆಯೇ ಬದಲಾವಣೆ ಶುರುವಾಯಿತು. ಒಂದು ವರ್ಷಕ್ಕಿಂತ ಹಳೆಯ ಬರಹ ಹುಡುಕಬೇಕಾದರೆ ದುಡ್ಡು ಕಟ್ಟಬೇಕಾಯಿತು. ಹರಿವೆ ಬೀಜದ ಬಗ್ಗೆ ಯಾರೋ ಕೇಳಿದ ಪ್ರಶ್ನೆಯ ಕೆಳಗೇ ಹೈಬ್ರಿಡ್ ಬೀಜದ ಜಾಹೀರಾತು ಬಂದು ಕೂತಿತು. ಹೈಬ್ರಿಡ್ ಕೆಟ್ಟದ್ದು ಅಂತ ನಾವು ಹೇಳುವುದಿಲ್ಲ. ಆದರೆ ಅದರ ಬೀಜ ಎತ್ತಿಟ್ಟು ಬಿತ್ತಿದರೆ ಮುಂದಿನ ವರ್ಷ ಅದೇ ತರದ ಗಿಡ ಬರುವುದಿಲ್ಲ. ನಮ್ಮ ಗುಂಪು ಹುಟ್ಟಿದ್ದೇ ಬೀಜ ಎತ್ತಿಡುವವರಿಗಾಗಿ ಅಲ್ವಾ?

ಮುಂದೇನು ಅಂತ ಮೂರು ಸಲ ಬರೆದು ಕೇಳಿದೆವು. ಎರಡು ಸಲ ಯಂತ್ರವೇ ಉತ್ತರ ಕೊಟ್ಟಿತು. ಮೂರನೇ ಸಲ ಒಬ್ಬ ಹುಡುಗ ಫೋನ್ ಮಾಡಿದ. ಪಾಪ, ಒಳ್ಳೆಯವನೇ. "ಮೇಡಂ, ಸಣ್ಣ ಗುಂಪುಗಳ ಬಗ್ಗೆ ಇನ್ನೂ ತೀರ್ಮಾನ ಆಗಿಲ್ಲ" ಅಂದ. ತೀರ್ಮಾನ ಯಾವಾಗ ಅಂದರೆ ಅವನಿಗೂ ಗೊತ್ತಿಲ್ಲ. ಮುಚ್ಚುತ್ತಾರೆ ಅಂತ ನಾವು ಹೇಳುತ್ತಿಲ್ಲ. ಉಳಿಸುತ್ತಾರೆ ಅಂತ ನಂಬಿ ಕೂರುವುದಕ್ಕೂ ಧೈರ್ಯ ಬರುತ್ತಿಲ್ಲ.

ಧೈರ್ಯ ಬರದೇ ಇರುವುದಕ್ಕೆ ಕಾರಣ ಇದೆ. ಯಾಹೂ ಗ್ರೂಪ್ಸ್ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಗಿಡ, ಹಕ್ಕಿ, ಊರಿನ ಸುದ್ದಿ, ಕಾಯಿಲೆಯ ಸಲಹೆ ಎಲ್ಲಕ್ಕೂ ಅಲ್ಲಿ ಗುಂಪುಗಳಿದ್ದವು. 2017ರಲ್ಲಿ ಯಾಹೂ ವೆರೈಝನ್ ಕಂಪನಿಯ ಪಾಲಾಯಿತು. 2019ರ ಅಕ್ಟೋಬರಿನಲ್ಲಿ, ಹಳೆಯ ಬರಹ ಫೋಟೊ ಎಲ್ಲ ಅಳಿಸುತ್ತೇವೆ, ಬೇಕಾದವರು ಇಳಿಸಿಕೊಳ್ಳಿ ಅಂದರು. 2020ರ ಡಿಸೆಂಬರ್ 15ಕ್ಕೆ ಪೂರ್ತಿ ಬಾಗಿಲು ಹಾಕಿದರು. ಹತ್ತಿರ ಹತ್ತಿರ ಇಪ್ಪತ್ತು ವರ್ಷದ ಮಾತುಕತೆ ಇಳಿಸಿಕೊಳ್ಳಲು ಮೊದಲು ಕೊಟ್ಟದ್ದು ಕೆಲವೇ ವಾರಗಳ ಗಡುವು. ಟ್ವಿಟರ್ ತರದ, ನಮ್ಮ ಬೆಂಗಳೂರಿನ ‘ಕೂ’ ಆ್ಯಪ್‌ನ ಕಥೆಯೂ ಗೊತ್ತಲ್ಲ. ಕೊಳ್ಳುವವರ ಜೊತೆ ಮಾತುಕತೆ ಕುದುರದೆ 2024ರ ಜುಲೈನಲ್ಲಿ ನಿಂತಿತು.

ಇದರಲ್ಲಿ ನಮ್ಮ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಗುಂಪು ಶುರುಮಾಡಿದ ದಿನ ಸಂಘದ ಮೀಟಿಂಗಿನಲ್ಲಿ ನಮ್ಮ ಹಿರಿಯಕ್ಕ ಒಬ್ಬರು ಕೇಳಿದ್ದರು, "ಅದು ಯಾರ ಜಾಗ? ಬಾಡಿಗೆ ಎಷ್ಟು?" ಅಂತ. ಬಾಡಿಗೆ ಇಲ್ಲ ಅಕ್ಕಾ, ಪುಕ್ಕಟೆ ಅಂದೆವು. "ಹಾಗಾದರೆ ಯಾವಾಗ ಎಬ್ಬಿಸ್ತಾರೋ ಹೇಳೋಕೆ ಬರಲ್ಲ" ಅಂದರು. ಎಲ್ಲರೂ ನಕ್ಕೆವು. ಈ ಜನವರಿ ಮೀಟಿಂಗಿನಲ್ಲಿ ಅವರು ಏನೂ ಹೇಳಲಿಲ್ಲ, ಸುಮ್ನೆ ಚಹಾ ಕುಡಿಯುತ್ತಾ ಕೂತಿದ್ದರು. ಬೈದಿದ್ದರೂ ಆಗುತ್ತಿತ್ತು.

ಬೀಜದ ವಿಷಯದಲ್ಲಿ ನಾವು ಇಂಥ ತಪ್ಪು ಮಾಡುವವರಲ್ಲ. ಮೊಗೆಕಾಯಿ ಬೀಜ ಒಂದೇ ಮನೆಯಲ್ಲಿ ಇಡುವುದಿಲ್ಲ. ಸಗಣಿಯಲ್ಲಿ ಸೇರಿಸಿ ಗೋಡೆಗೆ ತಟ್ಟಿದ್ದು ಒಂದು ಕಡೆ, ಬೂದಿ ಕಲಸಿ ಡಬ್ಬಿಯಲ್ಲಿ ಇಟ್ಟಿದ್ದು ಇನ್ನೊಂದು ಕಡೆ, ಪಕ್ಕದ ಊರಿನ ಎರಡು ಮನೆಗೆ ಒಂದೊಂದು ಮುಷ್ಟಿ. ನಮ್ಮದು ಇಲಿ ತಿಂದರೂ ಅಲ್ಲಿಂದ ತರಬಹುದು. ಬೀಜಕ್ಕೆ ಇಷ್ಟು ಜಾಗ್ರತೆ ಮಾಡುವ ನಾವು ಬೀಜದ ಬಗೆಗಿನ ಮಾತನ್ನೆಲ್ಲ ಒಂದೇ ಕಣಜಕ್ಕೆ ಸುರಿದೆವು. ಅದೂ ಬೇರೆಯವರ ಕಣಜ.

ಆ ಮಾತು ಎಂಥದ್ದು ಅಂತ ಹೊಸಬರಿಗೆ ಗೊತ್ತಾಗಲಿ ಎಂದು ಒಂದು ಉದಾಹರಣೆ ಹೇಳುತ್ತೇವೆ. ಬೆಂಗಳೂರಿನ ಐದನೇ ಮಹಡಿಯ ಬಾಲ್ಕನಿಯಿಂದ ಒಬ್ಬರು ಬರೆದಿದ್ದರು. ಸೋರೆ ಬಳ್ಳಿ ಚೆನ್ನಾಗಿದೆ, ಹೂವೂ ಬಿಡುತ್ತದೆ, ಕಾಯಿ ಮಾತ್ರ ಕಡಲೆಕಾಯಿಯಷ್ಟಾಗಿ ಉದುರುತ್ತದೆ ಅಂತ. ಗೊಬ್ಬರ ಹಾಕಿ, ನೀರು ಕಮ್ಮಿ ಮಾಡಿ ಅಂತ ಹತ್ತು ಜನ ಹತ್ತು ಸಲಹೆ ಕೊಟ್ಟರು. ಆಗ ಸಿದ್ದಾಪುರ ಕಡೆಯ ಒಬ್ಬ ಅಜ್ಜಿ ಕೇಳಿದರು, "ಕೈಪರಾಗ ಎಷ್ಟು ಹೊತ್ತಿಗೆ ಮಾಡ್ತೆ ತಂಗಿ?" ಬೆಳಗ್ಗೆ ಅಂತ ಉತ್ತರ ಬಂತು. "ಸೋರೆ ಹೂ ಅರಳೋದೇ ಸಂಜೆ. ಬೆಳಗ್ಗೆ ಹೊತ್ತಿಗೆ ಅದರ ಕೆಲಸ ಮುಗಿದಿರ್ತದೆ. ದೀಪ ಹಚ್ಚೋ ಹೊತ್ತಿಗೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಸವರು. ಹೀರೆಗೂ ಅದೇ ಲೆಕ್ಕ." ಎರಡು ವಾರಕ್ಕೆ ಬಾಲ್ಕನಿಯ ಫೋಟೊ ಬಂತು, ಮೊಳಕೈ ಉದ್ದದ ಸೋರೆಕಾಯಿ ನೇತಾಡುತ್ತಿತ್ತು. ಕುಂಬಳಕ್ಕೆ ಬೆಳಗ್ಗೆ, ಸೋರೆಗೆ ಸಂಜೆ ಅನ್ನುವ ಸಣ್ಣ ವಿಷಯ ನಮ್ಮ ಪೊಟ್ಟಣದ ಮೇಲೆ ಇರಲಿಲ್ಲ. ಆ ಅಜ್ಜಿ ಹೇಳಿದ ಮೇಲೆ ಈಗ ಇದೆ.

ಅಜ್ಜಿಗೆ ಟೈಪ್ ಮಾಡಲು ಬರುತ್ತಿರಲಿಲ್ಲ. ಅವರು ದನಿಯಲ್ಲಿ ಹೇಳಿ ಕಳಿಸುತ್ತಿದ್ದರು, ಮೊಮ್ಮಗಳು ಪುರುಸೊತ್ತಾದಾಗ ಅಕ್ಷರಕ್ಕೆ ಇಳಿಸುತ್ತಿದ್ದಳು. ಅಜ್ಜಿ ಎರಡು ವರ್ಷದ ಹಿಂದೆ ತೀರಿಕೊಂಡರು. ಈಗ ಗುಂಪಿನ ಬರಹ ಇಳಿಸಿಕೊಂಡು ನೋಡಿದರೆ ಅಕ್ಷರ ಬಂದಿದೆ, ದನಿ ಬಂದಿಲ್ಲ. ಫೋಟೊಗಳಲ್ಲೂ ಅರ್ಧಕ್ಕೆ ಅರ್ಧ ಖಾಲಿ ಚೌಕ. ಮೊಮ್ಮಗಳಿಗೆ ಫೋನ್ ಮಾಡಿದೆವು. ಅವಳ ಹಳೆಯ ಮೊಬೈಲಿನಲ್ಲಿ ಕೆಲವು ಉಳಿದಿದ್ದವು, ಪೆನ್‌ಡ್ರೈವಿನಲ್ಲಿ ಹಾಕಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದಳು. ಒಂದರಲ್ಲಿ ಅಜ್ಜಿ ತೊಂಡೆ ಬಳ್ಳಿಯ ತುಂಡು ಎಷ್ಟು ಗೆಣ್ಣು ಬಿಟ್ಟು ನೆಡಬೇಕು ಅಂತ ಹೇಳುತ್ತಿದ್ದಾರೆ, ಹಿಂದೆ ಕುಕ್ಕರ್ ಕೂಗುತ್ತಿದೆ. ನಿಮ್ಮ ಹತ್ತಿರವೂ ಇಂಥದ್ದು ಇದ್ದರೆ ದಯವಿಟ್ಟು ಕಳಿಸಿ. ಮೊಬೈಲ್ ಬದಲಾಯಿಸುವ ಮುಂಚೆ.

ಇನ್ನು ಒಪ್ಪಿಗೆ ಯಾಕೆ ಕೇಳುತ್ತಿದ್ದೇವೆ ಅನ್ನುವುದು. ನೀವು ಬರೆದದ್ದು ನಿಮ್ಮದು. ಅದು ಆ್ಯಪ್‌ನವರದೂ ಅಲ್ಲ, ಸಂಘದ್ದೂ ಅಲ್ಲ. ಸುಮ್ನೆ ಎತ್ತಿಕೊಂಡು ಬಂದರೆ ನಮಗೂ ಅವರಿಗೂ ಏನು ವ್ಯತ್ಯಾಸ? ಇಲ್ಲಿ ವಿಕಿಟ್ರಾವೆಲ್ ಕಥೆ ನಮಗೆ ದಾರಿ ತೋರಿಸಿತು. ಪ್ರವಾಸಿಗರೇ ಸೇರಿ ಬರೆಯುತ್ತಿದ್ದ ಊರೂರಿನ ಮಾಹಿತಿ ಅದು, 2003ರಲ್ಲಿ ಶುರುವಾದದ್ದು. 2006ರಲ್ಲಿ ಇಂಟರ್ನೆಟ್ ಬ್ರಾಂಡ್ಸ್ ಎಂಬ ಅಮೆರಿಕದ ಕಂಪನಿ ಅದನ್ನು ಕೊಂಡಿತು. ಜರ್ಮನ್ ಭಾಷೆಯಲ್ಲಿ ಬರೆಯುತ್ತಿದ್ದವರು ಅದೇ ವರ್ಷ ಹೊರಗೆ ಬಂದು ವಿಕಿವಾಯೇಜ್ ಕಟ್ಟಿದರು. 2012ರಲ್ಲಿ ಇಂಗ್ಲಿಷಿನವರೂ ಹೊರಟಾಗ ಕಂಪನಿ ಇಬ್ಬರು ಸ್ವಯಂಸೇವಕರ ಮೇಲೆ ಕೇಸು ಹಾಕಿತು. ಆದರೂ 2013ರ ಜನವರಿ 15ರಂದು ವಿಕಿವಾಯೇಜ್, ವಿಕಿಪೀಡಿಯ ನಡೆಸುವ ಸಂಸ್ಥೆಯ ಅಡಿಯಲ್ಲೇ ಬಾಗಿಲು ತೆರೆಯಿತು. ಮರುತಿಂಗಳು ಕೇಸೂ ರಾಜಿಯಲ್ಲಿ ಮುಗಿಯಿತು.

ಅವರಿಗೆ ಹಳೆಯದನ್ನೆಲ್ಲ ಹೊತ್ತು ತರಲು ಆದದ್ದು ಒಂದೇ ಕಾರಣಕ್ಕೆ. ಮೊದಲ ದಿನದಿಂದಲೂ ಎಲ್ಲರೂ ಕ್ರಿಯೇಟಿವ್ ಕಾಮನ್ಸ್ ಷರತ್ತಿನಲ್ಲಿ ಬರೆದಿದ್ದರು. ಬರೆದವರ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು, ತಿದ್ದಿದರೆ ಅದನ್ನೂ ಹಾಗೇ ಹಂಚಬೇಕು ಅನ್ನುವ ಕರಾರು ಅದು. ಬೀಜ ಕೊಡುವಾಗ ನಾವು ಬಾಯಲ್ಲಿ ಹೇಳುವುದೂ ಹೆಚ್ಚುಕಡಿಮೆ ಅದೇ. ಬೆಳೆದರೆ ಇನ್ನೊಬ್ಬರಿಗೂ ಕೊಡಿ, ಎಲ್ಲಿಂದ ಬಂತು ಅಂತ ಹೇಳಿ. ಮಾತಿಗೂ ಇಂಥ ಕರಾರು ಬೇಕು ಅಂತ ನಮಗೆ ಆಗ ಹೊಳೆಯಲಿಲ್ಲ. ಅದಕ್ಕೇ ಈಗ ಒಬ್ಬೊಬ್ಬರನ್ನೂ ಕೇಳಬೇಕಾಗಿದೆ.

ಹೂಂ ಅಂದವರ ಬರಹ ಸಂಘದ ಸ್ವಂತ ಜಾಲತಾಣಕ್ಕೆ ಹೋಗುತ್ತದೆ, ಹೆಸರು ಬೇಕೋ ಬೇಡವೋ ನಿಮ್ಮಿಷ್ಟ. ಫೋನ್ ನಂಬರು, ಮನೆಯ ವಿಳಾಸ, ಮಕ್ಕಳ ಫೋಟೊ ತೆಗೆದುಹಾಕುತ್ತೇವೆ. ಬೇಡ ಅಂದವರದ್ದು, ಉತ್ತರ ಕೊಡದವರದ್ದು ಮುಟ್ಟುವುದಿಲ್ಲ. ಮುಖ್ಯವಾದ ಪ್ರಶ್ನೋತ್ತರ ಆರಿಸಿ ಗಣೇಶ ಚೌತಿಯ ಹೊತ್ತಿಗೆ ಒಂದು ಸಣ್ಣ ಪುಸ್ತಕ ಮಾಡಿಸುತ್ತೇವೆ. ಕಾಗದಕ್ಕೆ ಗೆದ್ದಲು ಹಿಡಿಯಬಹುದು. ಆದರೆ ಎಲ್ಲ ಮನೆಯಲ್ಲೂ ಒಂದೇ ದಿನ ಹಿಡಿಯುವುದಿಲ್ಲ.

ಹಾಗಾದರೆ ವಾಟ್ಸಾಪ್ ಗುಂಪೇ ಮಾಡಬಹುದಲ್ಲ ಅಂತ ಜಾಸ್ತಿ ಜನ ಕೇಳಿದ್ದೀರಿ. ಅದೂ ಬೇರೆಯವರ ಜಾಗವೇ, 2014ರಲ್ಲಿ ಫೇಸ್‌ಬುಕ್ ಕೊಂಡದ್ದು. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಅಲ್ಲಿ ರಾತ್ರಿ ಹೇಳಿದ್ದು ಬೆಳಗಾಗುವಷ್ಟರಲ್ಲಿ ಶುಭೋದಯದ ಗುಲಾಬಿ ಹೂವಿನ ಅಡಿಯಲ್ಲಿ ಹೂತುಹೋಗಿರುತ್ತದೆ. ಆರ್ಡರ್‌ಗೆ ಸಾಕು, ಅಷ್ಟೇ.

ಖರ್ಚಿನ ಮಾತೂ ಇದೆ. ಜಾಲತಾಣಕ್ಕೆ ವರ್ಷ ವರ್ಷ ದುಡ್ಡು ಕಟ್ಟಬೇಕು, ವಾರಕ್ಕೆ ಎರಡು ದಿನ ಅದನ್ನು ನೋಡಿಕೊಳ್ಳುವವರಿಗೆ ಸಂಬಳ ಕೊಡಬೇಕು. ಹಾಗಾಗಿ 30 ರೂಪಾಯಿಯ ಪೊಟ್ಟಣ ಇನ್ನು 35 ರೂಪಾಯಿ. ಅಂಚೆ ಖರ್ಚು ಮೊದಲಿನಷ್ಟೇ. ಈಗಾಗಲೇ ದುಡ್ಡು ಕಳಿಸಿದವರು ಹೆಚ್ಚಿಗೆ ಕೊಡಬೇಕಾಗಿಲ್ಲ.

ಹಳೆಯ ಗುಂಪನ್ನು ನಾವಾಗಿ ಮುಚ್ಚುವುದಿಲ್ಲ. ಅವರು ಇಟ್ಟಿರುವಷ್ಟು ದಿನ ಇರಲಿ, ನೀವೂ ಹೋಗಿ ಬಂದು ಮಾಡಿ. ಅಲ್ಲಿ ಬಂದ ಪ್ರಶ್ನೆಗೆ ನಮ್ಮವರು ಮೊದಲಿನ ಹಾಗೆ ಉತ್ತರ ಕೊಡುತ್ತಾರೆ. ಕೊಟ್ಟ ಉತ್ತರದ ಒಂದು ಪ್ರತಿ ಮಾತ್ರ ಈಗಿನಿಂದ ನಮ್ಮ ಹತ್ತಿರ ಇರುತ್ತದೆ.

ಮಳೆಗಾಲದ ಬೀಜದ ಪಟ್ಟಿ ಈ ಪತ್ರದ ಜೊತೆಗಿದೆ. ಬೆಂಡೆ, ಹೀರೆ, ಅಲಸಂದೆ, ಕೆಂಪು ಹರಿವೆ ಬೇಕಾದಷ್ಟಿದೆ. ಮೊಗೆಕಾಯಿ ಬೀಜ ಮಾತ್ರ ಕಮ್ಮಿ, ಮನೆಗೆ ಒಂದೇ ಪೊಟ್ಟಣ. ಈ ಸಲ ಮಂಗಗಳು ನಮಗಿಂತ ಮೊದಲೇ ಕೊಯ್ಲು ಮುಗಿಸಿಬಿಟ್ಟವು.

ಇಂತಿ,
ಸಂಘದ ಪರವಾಗಿ ಕಾರ್ಯದರ್ಶಿ