ಟ್ರೈಬ್ ಕೇಳಿ, ಹೆಡ್‌ಫೋನ್ ಹಾಕಿಕೊಂಡು ಕೇಳಿ

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ನಾನು ಇಲ್ಲಿ ಕಾಣಿಸಿಕೊಂಡಿಲ್ಲ. ಕಾರಣ ಒಂದೇ, ಎ ಟ್ರೈಬ್ ಕಾಲ್ಡ್ ಕ್ವೆಸ್ಟ್. ನ್ಯೂಯಾರ್ಕಿನ ಕ್ವೀನ್ಸ್ ಕಡೆಯ ರ‍್ಯಾಪ್ ತಂಡ. ರ‍್ಯಾಪ್ ಅಂದ್ರೆ ಬರೀ ಅಬ್ಬರ ಅಂದುಕೊಂಡಿದ್ದೆ, ಇವರದ್ದು ಪಕ್ಕದಲ್ಲೇ ಕೂತು ಮಾತಾಡಿದ ಹಾಗಿದೆ.

1991ರ ಎರಡನೇ ಆಲ್ಬಮ್‌ನಿಂದ ಶುರು ಮಾಡಿ. ಫೋನ್ ಸ್ಪೀಕರ್‌ನಲ್ಲಿ ಮಾತ್ರ ಬೇಡ, ಯಾಕಂದ್ರೆ ಅದರ ಜೀವ ಇರುವುದೇ ಬೇಸ್‌ನಲ್ಲಿ, ಅಂದ್ರೆ ತಗ್ಗಿನ ದಪ್ಪ ಸದ್ದಿನಲ್ಲಿ. ಒಂದು ಹಾಡಿಗಂತೂ ಜಾಜ್ ಲೋಕದ ಹಿರಿಯ ರಾನ್ ಕಾರ್ಟರ್ ಅವರೇ ಬಂದು ಡಬಲ್ ಬೇಸ್ ನುಡಿಸಿದ್ದಾರೆ, ಆ ದಪ್ಪ ತಂತಿಯ ಗುಂಯ್ ಅನ್ನುವ ಸದ್ದು ನೇರ ಎದೆಗೇ ಬಂದು ತಾಕುತ್ತದೆ.

ತಂಡದಲ್ಲಿ ರ‍್ಯಾಪ್ ಮಾಡುವ ಇಬ್ಬರಲ್ಲಿ ಕ್ಯೂ-ಟಿಪ್ ದನಿ ಮೆತ್ತಗೆ, ಸ್ವಲ್ಪ ಮೂಗಿನಲ್ಲಿ ಹೇಳಿದ ಹಾಗೆ. ಫೈಫ್ ಡಾಗ್ ದನಿ ಚುರುಕು. ಇಬ್ಬರೂ ಬಾಲ್ಯದ ಗೆಳೆಯರು, ಒಬ್ಬರ ಸಾಲನ್ನು ಇನ್ನೊಬ್ಬರು ಎತ್ತಿಕೊಳ್ಳುವಾಗ ಅದು ಗೊತ್ತಾಗಿಬಿಡುತ್ತದೆ, ಅಲ್ವಾ? ಫೈಫ್‌ಗೆ ವರ್ಷಗಟ್ಟಲೆ ಸಕ್ಕರೆ ಕಾಯಿಲೆ ಇತ್ತು. 2016ರ ಮಾರ್ಚ್‌ನಲ್ಲಿ 45ನೇ ವಯಸ್ಸಿಗೆ ಹೋಗಿಬಿಟ್ಟರು. ಅದೇ ವರ್ಷ ನವೆಂಬರ್‌ನಲ್ಲಿ, ಹಿಂದಿನ ಆಲ್ಬಮ್ ಬಂದು 18 ವರ್ಷ ಆದ ಮೇಲೆ, ತಂಡದ ಕೊನೆಯ ಆಲ್ಬಮ್ ಬಂತು. ಅದರಲ್ಲಿ ಅವರ ದನಿ ಇದೆ. ಮೊದಲ ಸಲ ಕೇಳಿದಾಗ ನಾನು ಅರ್ಧಕ್ಕೇ ನಿಲ್ಲಿಸಿ ಸುಮ್ನೆ ಕೂತುಬಿಟ್ಟೆ.

ಭಾನುವಾರ ರಾತ್ರಿ 9ಕ್ಕೆ ಎಲ್ಲರೂ ಒಟ್ಟಿಗೆ ಇವರ ಹಾಡು ಹಾಕೋಣ. ಯಾವ ಹಾಡು ಹಿಡಿಸಿತು ಅಂತ ಇಲ್ಲೇ ಬರೆಯಿರಿ. ಸಾಲುಗಳ ಅರ್ಥ ಬೇಕಾದವರು ಕೇಳಿ, ನಾನು ಬರೆದಿಟ್ಟುಕೊಂಡಿದ್ದೇನೆ, ಕಳಿಸುತ್ತೇನೆ.