ಹಂತಕನ ಹಾಸ್ಯ ಕೆಡುವುದು ಸಂಕಲನದಲ್ಲಿ

ಮಾನ್ಯ ಸಂಪಾದಕರೇ,

ಸಿನಿಮಾಗಳಲ್ಲಿ ಬಾಡಿಗೆ ಹಂತಕನ ಕಥೆಗೆ ನಾಲ್ಕು ನಗೆಚಟಾಕಿ ಸೇರಿಸಿದ್ದನ್ನೆಲ್ಲ ‘ಡಾರ್ಕ್ ಕಾಮಿಡಿ’ (ಸಾವು-ನೋವಿನ ನಡುವೆಯೇ ನಗೆ ಹುಟ್ಟಿಸುವ ಹಾಸ್ಯ) ಎಂದು ಕರೆಯುವುದು ಸರಿಯಲ್ಲ. ಕೊಲೆಯನ್ನು ಮಾಮೂಲಿ ನೌಕರಿಯಂತೆ ಕಾಣುವವನ ಗಂಭೀರತೆಯೇ ಇಲ್ಲಿ ನಗೆಯ ಮೂಲ. ಮುಂಗಡ ಹಣ, ಗಡುವು, ಸುಪಾರಿ ಕೊಟ್ಟವನ ಗದರಿಕೆ ಅವನಿಗೆ ನಿಜವಾದ ಚಿಂತೆಗಳಾಗಿರಬೇಕು. ತಾನು ತಮಾಷೆ ಮಾಡುತ್ತಿದ್ದೇನೆ ಎಂಬುದು ನಟನ ಮುಖದಲ್ಲಿ ಕಂಡರೆ ಮುಗಿಯಿತು, ದೃಶ್ಯ ಕೆಟ್ಟಿತು.

ಹೆಚ್ಚಿನ ಚಿತ್ರಗಳು ಎಡವುವುದು ಸಂಕಲನದಲ್ಲಿ, ಅಂದರೆ ಎಡಿಟಿಂಗಿನಲ್ಲಿ. ಸಿನಿಮಾ ಓಡುವುದು ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮಿನಂತೆ (ಫ್ರೇಮು ಎಂದರೆ ಒಂದೊಂದು ಬಿಡಿ ಚಿತ್ರ). ಗುಂಡು ಹಾರಿದ 12 ಫ್ರೇಮಿನೊಳಗೆ, ಅಂದರೆ ಅರ್ಧ ಸೆಕೆಂಡಿನಲ್ಲಿ, ಕಟ್ ಮಾಡಿದರೆ ಅದು ಬರೀ ಆ್ಯಕ್ಷನ್. ಅದೇ ವೈಡ್ ಶಾಟನ್ನು (ಇಡೀ ಜಾಗ ಕಾಣುವ ದೂರದ ನೋಟ) ಇನ್ನೂ 2–3 ಸೆಕೆಂಡು ಹಿಡಿದರೆ, ಮುಂದೇನೆಂದು ತೋಚದೆ ನಿಂತ ಹಂತಕ ಕಾಣುತ್ತಾನೆ. ಕ್ಲೋಸಪ್ಪಿಗೆ ಹೋದರೆ ಹೆಣವೂ ಅವನ ಪೇಚಾಟವೂ ಒಂದೇ ಚೌಕಟ್ಟಿನಲ್ಲಿ ಉಳಿಯುವುದಿಲ್ಲ. ಅಲ್ಲಿ ನಗಿಸುವ ಹಿನ್ನೆಲೆ ಸಂಗೀತ ತುರುಕುವುದಂತೂ ಪ್ರೇಕ್ಷಕನಿಗೆ ಮಾಡುವ ಅವಮಾನ. ಚಿತ್ರಗಳಲ್ಲಿ ಕೇಳಿಸುವ, ಬಂದೂಕಿನ ಸೈಲೆನ್ಸರ್ ಸದ್ದೂ ಸುಳ್ಳೇ: ನಿಜದಲ್ಲಿ ಅದು ತಗ್ಗಿಸುವುದು ಸುಮಾರು 20ರಿಂದ 35 ಡೆಸಿಬಲ್ ಅಷ್ಟೆ, ‘ಫುಸ್’ ಎನ್ನುವ ಮಟ್ಟಕ್ಕಲ್ಲ. ನಿಜವಾದ ಸದ್ದನ್ನೇ ಇಟ್ಟರೆ ಪಕ್ಕದ ಮನೆಯ ದೀಪ ಹೊತ್ತಿಕೊಳ್ಳುತ್ತದೆ, ಹಾಸ್ಯಕ್ಕೂ ದಾರಿಯಾಗುತ್ತದೆ.

ಮಾರ್ಟಿನ್ ಮೆಕ್‌ಡೊನಾ ಅವರ ‘ಇನ್ ಬ್ರೂಜ್’ (2008) ನೋಡಿ. ಹಂತಕನ ಗುಂಡಿಗೆ ಅರಿಯದೆ ಒಬ್ಬ ಹುಡುಗ ಬಲಿಯಾಗುತ್ತಾನೆ. ಆ ಪಾಪಪ್ರಜ್ಞೆ ಅವನನ್ನು ಕಡೆತನಕ ಬಿಡುವುದಿಲ್ಲ. ಸುತ್ತಲಿನ ತಮಾಷೆಗೆಲ್ಲ ತೂಕ ಬರುವುದು ಅದರಿಂದಲೇ. ವಿಮರ್ಶಕರು ಸ್ಟಾರ್ ಕೊಡುವ ಮುನ್ನ, ಸತ್ತವನಿಗೆ ಚಿತ್ರದಲ್ಲಿ ಒಂದು ಹೆಸರಾದರೂ ಇದೆಯೇ ಎಂದು ದಯವಿಟ್ಟು ಗಮನಿಸಲಿ.